ಕುಸುಬಿ ಎಣ್ಣೆ ಕುಡಿದ ಎಂಜಿನ್ನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಎಂಜಿನ್ನಿನ ಮೋಟಾರು ಸುಟ್ಟದ್ದು ನನ್ನ ಕೈಯಿಂದ. ಅದನ್ನು ಸರಿಮಾಡಲು ಕುಳಿತವರ ಕೈ ತಪ್ಪಿಸಿದ್ದು ನನ್ನ ಬಾಯಿಯಿಂದ. ಕೈ, ಬಾಯಿ ಎರಡೂ ನನ್ನವೇ ಆದ್ದರಿಂದ ಬೇರೆಯವರ ಮೇಲೆ ಹಾಕಲು ಬರುವುದಿಲ್ಲ. ಹಾಕಲು ನೋಡಿದ್ದೆನೇನೋ ಖರೆ.

ಮೊನ್ನೆ ಗದಗಿನ ಒಂದು ಗಲ್ಲಿಯಲ್ಲಿ ಹೋಗುತ್ತಿದ್ದಾಗ ವಾರ್ನಿಶ್ ವಾಸನೆ ಮೂಗಿಗೆ ಬಡಿಯಿತು. ಮೋಟಾರಿನ ತಾಮ್ರದ ಸುರುಳಿಗಳನ್ನು ಅದ್ದಿ ಬಿಸಿಲಿಗೆ ಇಡುತ್ತಾರಲ್ಲ, ಅದರ ವಾಸನೆ. ಅರ್ಧ ಕಾಸಿದ ಬೆಲ್ಲ, ಅರ್ಧ ಸೀಮೆಎಣ್ಣೆ. ಕಾಲು ತಾನೇ ನಿಂತಿತು. ಬೆಟಗೇರಿಯ ನಮ್ಮ ಪಕ್ಕದ ಮನೆಯ ಖಾಲಾ, ಗಲ್ಲಿಗೆಲ್ಲ ಚಿಕ್ಕಮ್ಮ, ನೆನಪಾದರು...

ನಾನು ಊರವರ ದನಿ ಕದಿಯುವವನು. ಮದುವೆ, ಶಾಲೆಯ ಗ್ಯಾದರಿಂಗ್, ಯಾರದೋ ನಿವೃತ್ತಿ, ಎಲ್ಲಿ ಮೈಕು ಕೊಟ್ಟರೂ ಸೈ. ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್, ನೆಗಡಿಯಾದ ಭಾಷಣಕಾರ, ನಮ್ಮಪ್ಪ, ನಮ್ಮಪ್ಪನಿಗೆ ಉತ್ತರ ಕೊಡುವ ನಾನು. ಕೊನೆಯ ಐಟಂಗೆ ನಗು ಜಾಸ್ತಿ, ಯಾಕೆಂದರೆ ಅಲ್ಲಿ ನಾನು ಬರೀ ತೊದಲುತ್ತೇನೆ. ಬಾಯಿಯಿಂದ ರೈಲು ಬಿಡುವುದೂ ನನ್ನ ಹಳೇ ಐಟಂ. ಆದ್ದರಿಂದ ಮುಂಡರಗಿಯ ಪರಿಚಯಸ್ಥರೊಬ್ಬರ ಅಟ್ಟದ ಮೇಲೆ ಒಂದು ಮೊಳ ಉದ್ದದ ಹಳೇ ಆಟದ ಎಂಜಿನ್ನು, ಮೂರು ಬೋಗಿ, ಒಂದು ಹೊರೆ ಹಳಿ ಸಿಕ್ಕಾಗ ನಾನು ಬಿಡಲಿಲ್ಲ. ಅವರ ಮನೆಯವರು ಯಾವ ಕಾಲಕ್ಕೋ ಮುಂಬೈಯಿಂದ ತಂದದ್ದಂತೆ. ನೋಡಲು ಉಗಿಬಂಡಿ, ಹೊಟ್ಟೆಯೊಳಗೆ ಕರೆಂಟಿನ ಮೋಟಾರು, ಬೆನ್ನಿಗೆ ಕಲ್ಲಿದ್ದಲು ತುಂಬುವಂಥ ಡಬ್ಬಿ.

ಹಿತ್ತಲಲ್ಲಿ ಹಳಿ ಹಾಸಿದೆ. ಕರಿಬೇವಿನ ಗಿಡ ಸುತ್ತಿ, ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಹಾದು, ತುಸು ಏರು ಹತ್ತಿ ಮತ್ತೆ ಗಿಡಕ್ಕೇ ಬರುವ ಹಾದಿ. ಆದರೆ ಆ ಎಂಜಿನ್ನು ಹಳಿಯಲ್ಲಿ ಹರಿಯುವ ಕರೆಂಟನ್ನು ಗಾಲಿಯಿಂದ ಹೀರಿಕೊಂಡು ಓಡುವಂಥದ್ದು, ಮನೆಯೊಳಗಿನ ನುಣುಪು ನೆಲದ ಸುಖಜೀವಿ. ನಮ್ಮ ಎರೆಮಣ್ಣಿನ ಧೂಳು ಹಳಿಗೆ ಹತ್ತಿತೋ ಇಲ್ಲವೋ, ಎರಡು ಮಾರು ಹೋಗಿ ಮುನಿಸಿಕೊಂಡು ನಿಲ್ಲುತ್ತಿತ್ತು. ಹಾಗಾಗಿ ನನ್ನ ತಲೆಗೆ ಒಂದು ಯೋಜನೆ ಬಂತು: ಗಾಲಿಯ ತಂತಿ ಕತ್ತರಿಸಿ, ಹಿಂದಿನ ಡಬ್ಬಿಯೊಳಗೆ ಬ್ಯಾಟರಿ ಕೂರಿಸಿ, ಮುರಿದ ಆಟದ ಕಾರಿನ ರಿಮೋಟ್ ಜೋಡಿಸುವುದು. ಆಗ ಹಳಿಯಲ್ಲಿ ಕರೆಂಟಿನ ಹಂಗೇ ಇರುವುದಿಲ್ಲ. ಯೋಜನೆ ಸರಿಯಿತ್ತು. ಯೋಜಕ ಸರಿಯಿರಲಿಲ್ಲ.

ಎಲ್ಲ ಜೋಡಿಸಿದ ಮೇಲೆ ಹಲ್ಲಿನ ಗಾಲಿಗಳಿಗೆ ಎಣ್ಣೆ ಬೇಕಿತ್ತು. ಹೊಲಿಗೆ ಮಷೀನಿನ ಎಣ್ಣೆ ತೀರಿತ್ತು. ಅಡುಗೆಮನೆಯಲ್ಲಿ ಗಾಣದ ಕುಸುಬಿ ಎಣ್ಣೆ ಇತ್ತು, ಧಾರಾಳವಾಗಿ ಹಾಕಿದೆ. ಮೂರು ದಿನ ಬೆಣ್ಣೆಯಂತೆ ಓಡಿತು. ಆಮೇಲೆ ಒಂದು ವಾರ ಎಂಜಿನ್ನನ್ನು ಬಿಸಿಲಲ್ಲೇ ಬಿಟ್ಟು ಶಿರಹಟ್ಟಿಯ ಮದುವೆಗಳಲ್ಲಿ ಬಾಯಿರೈಲು ಬಿಡುತ್ತಾ ತಿರುಗಿದೆ. ಬಂದು ನೋಡಿದರೆ ಗಾಲಿ ಅಲ್ಲಾಡಲೊಲ್ಲದು. ಕುಸುಬಿ ಎಣ್ಣೆ ಗಾಳಿಬಿಸಿಲಿಗೆ ಅಂಟಾಗಿ, ಉಗುರಿಗೂ ಬಿಡದಂತೆ ಕೂರುತ್ತದೆಂಬುದು ಎಣ್ಣೆಡಬ್ಬಿ ತಿಕ್ಕಿದ ಯಾವ ಹೆಂಗಸಿಗೂ ಗೊತ್ತು. ನಾನು ಡಬ್ಬಿ ತಿಕ್ಕಿದವನಲ್ಲ. ಬಲ ಸಾಲದೆಂದು ಎರಡು ಬ್ಯಾಟರಿ ಒಟ್ಟಿಗೆ ಕೊಟ್ಟೆ. ಹೊಗೆ ಬಂತು. ಉಗಿಬಂಡಿಗೆ ಹೊಗೆ ಶೋಭೆ ಅಂದುಕೊಂಡು ಒಂದು ಕ್ಷಣ ಖುಷಿಯನ್ನೂ ಪಟ್ಟೆ!

ಗೋಡೆಯಾಚೆಯಿಂದ ಖಾಲಾನ ಮುಖ ಮೂಡಿತು.

"ಏನ್ ಸುಟ್ಟೀಯೋ ಬೇಟಾ? ವಾಸನಿ ನಮ್ಮ ಒಲಿ ತನಕ ಬಂತು."

"ನಾ ಅಲ್ರಿ ಖಾಲಾ, ಅದ ತಾನ ಸುಟ್ಕೊಂಡೈತ್ರಿ."

"ಹೌದಪಾ, ಅದಕ್ಕ ಜೀವಾ ಬ್ಯಾಸರಾಗಿತ್ತು. ಇತ್ತಾಗ ತಾ."

ಕೊಟ್ಟೆ. ಹಲ್ಲಿನ ಗಾಲಿಗೆ ಬೆರಳು ಹಚ್ಚಿ ಮೂಸಿ ನೋಡಿದರು. "ಎಣ್ಣಿ ಯಾವ್ದು ಹಾಕೀದಿ?"

"ಕುಸುಬಿ ಎಣ್ಣಿರಿ. ಗಾಣದ್ದು, ಛಲೋದು."

"ಸಾಸಿವಿ, ಜೀರಗಿ ಹಾಕೂದು ಮರ್ತೀಯೇನು?"

ಖಾಲಾನ ಮನೆಯ ಮುಂದಿನ ಕೋಣೆಯೇ ಮೋಟಾರು ಸುತ್ತುವ ಅಂಗಡಿ. ಹೊಲದ ಬಾವಿಯ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಮಿಕ್ಸರು, ಫ್ಯಾನು, ಸುಟ್ಟು ಬಂದದ್ದನ್ನೆಲ್ಲ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು. ಚಿಕ್ಕಂದಿನಲ್ಲಿ ಬೆಟಗೇರಿಯ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿ ಪಳಗಿದ ಬೆರಳು ಅವರವು. ಮದುವೆಯಾಗಿ ಬಂದ ಮೇಲೆ ನೂಲಿನ ಜಾಗದಲ್ಲಿ ತಾಮ್ರ ಬಂತು, ಅಷ್ಟೇ. ಮೂವತ್ತು ವರ್ಷ ಆ ಅಂಗಡಿಯ ತಂತಿಯೆಲ್ಲ ಅವರ ಕೈಯಲ್ಲೇ ಹಾದಿತ್ತು.

ಅಲ್ಲಿ ಒಂದು ಕಟ್ಟಳೆ. ಖಾಲಾ ಸುತ್ತು ಎಣಿಸುವಾಗ ಯಾರೂ ಮಾತಾಡುವ ಹಾಗಿಲ್ಲ. ಬಂದವರು ಚಪ್ಪಲಿ ಬಿಟ್ಟು ಸುಮ್ಮನೆ ಕೂರಬೇಕು. ಸಲಾಮು ಹೇಳಿದರೂ ಖಾಲಾ ಗದ್ದ ಎತ್ತುವರೇ ಹೊರತು ತುಟಿ ಬಿಚ್ಚರು. ದೊಡ್ಡ ದೊಡ್ಡ ಮೀಸೆಯ ಗೌಡರು ಸಹ ಬಾಯಿ ಮುಚ್ಚಿಕೊಂಡು ಫ್ಯಾನಿನ ಕಡೆ ನೋಡುತ್ತಾ ಕೂತದ್ದನ್ನು ಕಂಡಿದ್ದೇನೆ.

ಆದರೆ ನಾನು ಹೇಳುತ್ತಿರುವ ಹೊತ್ತಿಗೆ ಅವರು ಅಂಗಡಿಯಲ್ಲಿ ಕೂರುವುದು ನಿಂತು ನಾಲ್ಕು ತಿಂಗಳಾಗಿತ್ತು. ಬೆಳ್ಳಟ್ಟಿಯ ರೈತರೊಬ್ಬರ ಮೋಟಾರು, ಖಾಲಾ ಸುತ್ತಿ ಕೊಟ್ಟ ಎಂಟೇ ದಿನಕ್ಕೆ ಸುಟ್ಟು ವಾಪಸು ಬಂದಿತ್ತು. ಖಾಲಾನ ಮಗ, ನಾವೆಲ್ಲ ಭಾಯಿ ಅನ್ನುವವರು, ಕೆಟ್ಟವರಲ್ಲ. "ಕಣ್ಣಿಗೆ ಪೊರಿ ಬಂದೈತಿ ಅಮ್ಮಿ, ಎಣಿಕಿ ತಪ್ಪಾಕತ್ತೈತಿ, ಇನ್ನ ಸಾಕು," ಅಂದು ಸುತ್ತುವ ಮಷೀನು ತಂದು ಕೂರಿಸಿದರು. ತಪ್ಪು ಎಣಿಕೆಯದೋ, ಬೆಳ್ಳಟ್ಟಿಯ ಕರೆಂಟಿನದೋ, ಯಾರೂ ಬಿಚ್ಚಿ ನೋಡಲಿಲ್ಲ. ಅಂದಿನಿಂದ ಖಾಲಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದರು. ಕೈಯಲ್ಲಿ ಅಕ್ಕಿ ಇಲ್ಲದಾಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು...

ನನ್ನ ಮೋಟಾರಿನ ಒಳಗಿನ ತಿರುಗುವ ತುಂಡು ಹೆಬ್ಬೆರಳ ತುದಿಯಷ್ಟು. ಅಂಥದ್ದು ಗದಗಿನಲ್ಲೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಭಾಯಿಯ ಮಷೀನಿಗೆ ಅದನ್ನು ಹಿಡಿಯಲೇ ಬರುತ್ತಿರಲಿಲ್ಲ. ಖಾಲಾ ಅದನ್ನು ಅಂಗೈಯಲ್ಲಿ ಹೊರಳಿಸಿ ಬಹಳ ಹೊತ್ತು ನೋಡಿದರು.

"ನಾ ಸುತ್ತತೀನಿ. ನಿಮ್ಮ ಭಾಯಿಗೆ ಹೇಳಬ್ಯಾಡ. ಓಡಿದ್ರ ನಾನ ಹೇಳ್ತೀನಿ. ಓಡಲಿಲ್ಲಂದ್ರ ಇನ್ನ ಮ್ಯಾಲ ತಂತಿ ಮುಟ್ಟಂಗಿಲ್ಲ, ಆತು."

ನನ್ನದು ಆಟದ ಸಾಮಾನು. ಅವರು ಅದರ ಮೇಲೆ ಮೂವತ್ತು ವರ್ಷವನ್ನೇ ಪಣ ಇಟ್ಟಿದ್ದರು.

ಮಧ್ಯಾಹ್ನ ಭಾಯಿ ಅಂಗಡಿಯಲ್ಲಿರುವಾಗ ಖಾಲಾ ನಮ್ಮ ಹಿತ್ತಲಿಗೆ ಬಂದು ಕರಿಬೇವಿನ ನೆರಳಲ್ಲಿ ಕೂತರು. ಮೊದಲ ದಿನ ಸುಟ್ಟ ತಂತಿ ಬಿಚ್ಚುವುದು. ಕೂದಲಂಥ ತಂತಿ, ಚೂರು ಚೂರಾಗಿ ಬಂದರೂ ಎಣಿಸಿದರು. ಆ ತುಂಡಿನ ಮೂರು ಕಾಲಿಗೆ ಮೂರು ಸುರುಳಿ, ಒಂದೊಂದಕ್ಕೆ ನೂರಾ ಹತ್ತು ಸುತ್ತು. ಮೂರೂ ಸಮ ಇರದಿದ್ದರೆ ಎಂಜಿನ್ನು ಕುಂಟುತ್ತದೆ. ಮರುದಿನ ಸುತ್ತಲು ಶುರು ಮಾಡಿದಾಗ ಕಣ್ಣು ಮುಚ್ಚಿಕೊಂಡರು. ಕಣ್ಣಿಗೆ ಪೊರೆ ಬಂದರೇನು, ಎಣಿಕೆ ಇದ್ದದ್ದು ಬೆರಳಲ್ಲಿ. ಒಂದು ಸುರುಳಿ ಮುಗಿಯಿತು. ಎರಡು ಮುಗಿಯಿತು. ಮೂರನೆಯದು ಅರ್ಧಕ್ಕೆ ಬಂದಿತ್ತು.

ಮುಕ್ಕಾಲು ತಾಸು ಬಾಯಿ ಮುಚ್ಚಿದ್ದು ನನ್ನ ಜೀವಮಾನದ ದಾಖಲೆ. ಇನ್ನು ತಡೆಯಲಾಗಲಿಲ್ಲ. ನನ್ನ ಬತ್ತಳಿಕೆಯಲ್ಲಿ ಭಾಯಿಯ ದನಿ ಎಲ್ಲಕ್ಕಿಂತ ಪಕ್ಕಾ. ಗೋಡೆಯ ಕಡೆ ಮುಖ ತಿರುಗಿಸಿ, "ಅಮ್ಮೀ, ಎಲ್ಲಿದ್ದೀ? ಚಾ ಆತೇನು?" ಅಂದೆ.

ಖಾಲಾ ಬೆಚ್ಚಿಬಿದ್ದರು. ಕೈ ಸೆರಗಿನೊಳಗೆ ಅಡಗಿತು. ತಂತಿ ಪಟ್ಟನೆ ಹರಿಯಿತು.

ನಗಬೇಕೆಂದು ತೆರೆದ ಬಾಯಿ ಹಾಗೇ ಉಳಿಯಿತು. ತನ್ನದೇ ಕೆಲಸವನ್ನು ಕದ್ದು ಮಾಡುತ್ತಿದ್ದ ಆ ಮುಖ ನೋಡಿದೆನಲ್ಲ... ಎಷ್ಟೋ ಜನರ ಮುಖ ನಾನು ಮಾಡಿ ತೋರಿಸಿದ್ದೇನೆ, ಅದನ್ನು ಮಾತ್ರ ಯಾರಿಗೂ ತೋರಿಸಿಲ್ಲ.

"ತಪ್ಪಾತ್ರಿ ಖಾಲಾ," ಅಂದೆ. ಅದು ನನ್ನದೇ ದನಿ. ಬಹಳ ಸಪ್ಪಗೆ ಬಂತು.

ಅವರು ಬೈಯಲಿಲ್ಲ. ಮೂರನೆಯ ಸುರುಳಿಯನ್ನು ಪೂರಾ ಬಿಚ್ಚಿದರು. ಒಳಗೆ ಹೋಗಿ ನೆಲ್ಲಿಕಾಯಿ ಗಾತ್ರದ ಕಲ್ಲುಸಕ್ಕರೆ ತಂದು ನನ್ನ ಬಾಯಿಗೆ ತುರುಕಿದರು. "ಇದು ಕರಗೂ ತನಕ ನೀ ಮೂಕ. ತಂತಿ ಹಿಡಿ, ಜಗ್ಗಬ್ಯಾಡ, ಸಡ್ಲ ಬಿಡಬ್ಯಾಡ." ಹಿಡಿದೆ. ಕೆನ್ನೆ ಉಬ್ಬಿಸಿಕೊಂಡು, ಜೊಲ್ಲು ನುಂಗುತ್ತಾ, ಮದುವೆಮನೆಯ ಮಂಗನಂತೆ ಕೂತೆ. ನನ್ನ ಬೆರಳ ನಡುವೆ ತಂತಿ ಜಾರುತ್ತಿತ್ತು, ಒಂದೊಂದು ಸುತ್ತೂ ಸಣ್ಣಗೆ ಮಿಡಿಯುತ್ತಿತ್ತು. ಗೊತ್ತಿಲ್ಲದೆಯೇ ನಾನೂ ಎಣಿಸತೊಡಗಿದ್ದೆ. ನೂರಾ ಹತ್ತಕ್ಕೆ ಇಬ್ಬರೂ ಒಟ್ಟಿಗೆ ನಿಂತೆವು. ಖಾಲಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಬೆಸುಗೆ ಹಾಕಿ, ವಾರ್ನಿಶ್ ಹಚ್ಚಿ, ಎರಡು ದಿನ ಒಣಗಿಸಿದೆವು. ಹಲ್ಲಿನ ಗಾಲಿಗಳ ಅಂಟನ್ನು ನಾನೇ ಕೆರೆದು ತೊಳೆದೆ, ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ. ಬ್ಯಾಟರಿ ಮತ್ತೆ ಡಬ್ಬಿಯೊಳಗೆ ಕೂತಿತು. ಶುಕ್ರವಾರ ಮಧ್ಯಾಹ್ನ ರಿಮೋಟ್ ಒತ್ತಿದರೆ, ಎಂಜಿನ್ನು ಒಮ್ಮೆ ನಡುಗಿ ಹೊರಟೇಬಿಟ್ಟಿತು! ಎರೆಮಣ್ಣಿರಲಿ, ಉದುರಿದ ಎಲೆಯಿರಲಿ, ನಿಲ್ಲಲಿಲ್ಲ. ಗಿಡ ಸುತ್ತಿತು, ಕಲ್ಲು ದಾಟಿತು, ಏರು ಹತ್ತಿತು. ನಾನು ಬಾಯಿಯಿಂದ ಸಿಳ್ಳು ಹೊಡೆಯುತ್ತಾ ಹಿಂದೆ ಓಡಿದೆ.

ನಮಾಜು ಮುಗಿಸಿ ಬಂದ ಭಾಯಿ ಗೋಡೆಯ ಮೇಲಿಂದ ನೋಡಿದರು. ಈ ಸಲ ಖರೆ ಭಾಯಿ.

"ಇದನ್ನ ಯಾರು ಸುತ್ತಿದ್ರು?"

"ನಾನ," ಅಂದರು ಖಾಲಾ.

ಭಾಯಿ ಮನೆಯೊಳಗೆ ಹೋದರು. ಒಳಗಿಂದ ತಾಮ್ರದ ತಂತಿಯ ಒಂದು ದಪ್ಪ ಉಂಡೆ ತಂದು ಕೊನೆಯ ಬೋಗಿಯ ಮೇಲೆ ಇಟ್ಟರು. ಎಂಜಿನ್ನು ಏರಿನಲ್ಲಿ ನಿಧಾನವಾಯಿತು, ಕುಂಟಲಿಲ್ಲ, ನಿಲ್ಲಲಿಲ್ಲ, ಹತ್ತಿ ಇಳಿಯಿತು. ಆಗ ತಾಯಿಮಗನ ನಡುವೆ ಒಂದೊಂದೇ ಮಾತಾಯಿತು. ಮರುದಿನದಿಂದ ಖಾಲಾ ಅಂಗಡಿಯಲ್ಲಿದ್ದರು. ಆಮೇಲೆ ಕಣ್ಣಿನ ಆಪರೇಷನ್ನೂ ಆಯಿತು. ಇನ್ನೂ ನಾಲ್ಕು ವರ್ಷ ಆ ಕೋಣೆಯಲ್ಲಿ ಮೀಸೆಯವರು ಬಾಯಿ ಮುಚ್ಚಿಕೊಂಡು ಕೂತರು.

ಖಾಲಾ ಹೋಗಿ ಎರಡು ವರ್ಷವಾಗುತ್ತಾ ಬಂತು. ಗೋಡೆಯಾಚೆಯಿಂದ ನನ್ನನ್ನು ಹಂಗಿಸುವವರು ಈಗ ಯಾರೂ ಇಲ್ಲ. ಹಿತ್ತಲು ಅಷ್ಟು ಬರಿದಾಗಿದೆ. ಆದರೂ ಸುಮ್ಮನೆ ಕೂತಿಲ್ಲ. ಇನ್ನೊಂದು ಹಳೇ ಎಂಜಿನ್ನು ಸಿಕ್ಕಿದೆ, ಅದರ ಸುರುಳಿಗಳನ್ನು ಈ ಸಲ ನಾನೇ ಸುತ್ತುತ್ತಿದ್ದೇನೆ. ಎರಡು ಸಲ ಕುಂಟಿತು. ಮೂರನೆಯ ಸಲಕ್ಕೆ ತಂತಿ ಕೇಳಲು ನಿನ್ನೆ ಭಾಯಿಯ ಅಂಗಡಿಗೆ ಹೋಗಿದ್ದೆ. ಅಲ್ಲಿ ಗಿರಾಕಿಗಳು ಕೂತಿದ್ದರು, ಭಾಯಿ ಅವರಿಗೆ ಎಂಜಿನ್ನು ಏರು ಹತ್ತಿದ ಆ ದಿನದ ಕತೆ ಹೇಳುತ್ತಿದ್ದರು. ಖಾಲಾ ಮನೆಯಲ್ಲಿ ಆಡುತ್ತಿದ್ದದ್ದು ಹೆಚ್ಚಾಗಿ ಉರ್ದು. ಮಗನನ್ನು ಬೈಯುವಾಗ ಮಾತ್ರ ತಪ್ಪದೆ ಕನ್ನಡ, ಗಲ್ಲಿಗೆಲ್ಲ ತಿಳಿಯಲೆಂದು. ಭಾಯಿ ಅಮ್ಮನ ದನಿ ಮಾಡಲು ಹೋಗಿ ಎತ್ತರ ತಪ್ಪಿಸಿದರು, ಎಳೆತ ತಪ್ಪಿಸಿದರು. ನನಗದು ಪಕ್ಕಾ ಬರುತ್ತದೆ. ಆದರೂ ಬಾಯಿ ಹಾಕಲಿಲ್ಲ, ಕೇಳಿದೆ.

"ಅಮ್ಮಿ, ಇದು ಆಟಗಿ ಸಾಮಾನು, ಬಾವಿ ಮೋಟಾರು ಬ್ಯಾರೆ, ಅಂದೆ ನಾ. ಅದಕ್ಕ ನಮ್ಮಮ್ಮಿ ಏನಂದ್ಲು ಗೊತ್ತೈತೇನ್ರಿ? 'ದೊಡ್ಡದರಾಗ ತಪ್ಪು ಮಾಡಿದ್ರ ಮುಚ್ಚಿಡಾಕ ಜಾಗಾ ಬೇಕಾದಷ್ಟೈತಿ, ಬೇಟಾ. ಇಷ್ಟ ಸಣ್ಣದರಾಗ ನಾ ಎಲ್ಲಿ ಮುಚ್ಚಿಟ್ಟೀನಿ, ಹುಡುಕಿ ತೋರ್ಸು.'"