ಅವ್ವ ಬುಟ್ಟಿ ಮುಚ್ಚಿಟ್ಟ ಸಮುದ್ರದ ಬ್ಯಾಕ್ಟೀರಿಯಾ

ಕಿಟಕಿಯಲ್ಲಿಟ್ಟಿದ್ದ ನನ್ನ ಫ್ಲಾಸ್ಕ್ ಇಲ್ಲ! ಬಲ್ಬೂ ಆರಿದೆ.

ಎಂಬತ್ತರ ದಶಕದ ಮಾತು. ಎಂಎಸ್ಸಿ ಕೊನೆಯ ವರ್ಷದ ದಸರಾ ಸೂಟಿ. ನಾಲವಾರದ ಚಿಕ್ಕಮ್ಮನ ಮನೆಯಲ್ಲಿ ಮೂರು ದಿನ ಇದ್ದು, ಪ್ಯಾಸೆಂಜರ್ ಟ್ರೇನ್ ಹಿಡಿದು ಆಗಷ್ಟೇ ಶಹಾಬಾದಿಗೆ ಬಂದಿದ್ದೆ. ಕೈಯಲ್ಲಿನ ಚೀಲ ಕೂಡ ಕೆಳಗಿಟ್ಟಿರಲಿಲ್ಲ.

ಆ ಫ್ಲಾಸ್ಕಿನಲ್ಲಿ ನನ್ನ ಇಡೀ ವರ್ಷ ಇತ್ತು...

ಸ್ಟಡಿ ಟೂರಿಗೆ ಕಾರವಾರಕ್ಕೆ ಹೋದಾಗ ಸಮುದ್ರದ ಪಾಚಿ ತಂದಿದ್ದೆ. ಅದರಿಂದ ಗುಲಾಬಿ ಬಣ್ಣದ ಬ್ಯಾಕ್ಟೀರಿಯಾ ಬೆಳೆಸಿದೆ. ಗಿಡದ ಎಲೆಯ ಹಾಗೆ ಬೆಳಕು ಹಿಡಿಯುವ ಬಣ್ಣ ಅವುಗಳ ಮೈಯಲ್ಲಿದೆ ಅಂತ ಲ್ಯಾಬಿನ ಮಷೀನೂ ತೋರಿಸಿತ್ತು. ನಾನು ನೆಲದ ಮೇಲೆ ಇರಲಿಲ್ಲ ಆಗ!

ಕ್ಲಾಸಿನವರೆಲ್ಲ ತೊಗರಿ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದರು. ನಾನೊಬ್ಬಳೇ ಸಮುದ್ರ ಅಂತ ಹಟ ಹಿಡಿದವಳು. ಶಹಾಬಾದಿನಾಗ ಕಲ್ಲು ಬಿಟ್ರ ಏನದ, ಸಮುದ್ರ ಎಲ್ಲಿಂದ ತಂದಿ, ಅಂತ ದಿನಾ ಕಾಡುತ್ತಿದ್ದರು.

ಬೆಳಕು ತಿನ್ನೋ ಜೀವ ಅಲ್ವಾ, ಹೊಟ್ಟೆ ತುಂಬ ತಿನ್ನಲಿ ಅಂತ ಹಗಲೂ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಇಟ್ಟೆ. ವಾರ ಕಳೆಯುವುದರೊಳಗೆ ಬಿಳಿಚಿಕೊಂಡವು. ಹೊಸ ಫ್ಲಾಸ್ಕಿಗೆ ಹಾಕಿದೆ, ಅದೂ ಬಿಳಿ. ಇನ್ನೂ ದೊಡ್ಡ ಬಲ್ಬ್ ಹಚ್ಚಿದೆ. ಹಾಲು ಬೆರೆಸಿದ ನೀರಿನಂತಾಯಿತು.

ನಮ್ಮ ಪ್ರಾಜೆಕ್ಟ್ ಗೈಡ್ ನೋಡಿ ಇಲ್ಲ ಅಂತ ತಲೆ ಆಡಿಸಿಬಿಟ್ಟರು.

"ಬಣ್ಣ ಮಾಡೋ ಜೀನೇ ಕಳಕೊಂಡಾವ ಇವು. ಸೂಟಿ ಮುಗಿಯೋದ್ರಾಗ ಬಣ್ಣ ತೋರ್ಸು, ಇಲ್ಲಾಂದ್ರ ಎಲ್ಲಾರಂಗ ತೊಗರಿ ಬೇರು ತಗೋ."

ತೊಗರಿ ಬೇರು ತಗೊಂಡರೆ ಮೊದಲಿನಿಂದ ಶುರು, ಅಂದರೆ ಇನ್ನೊಂದು ವರ್ಷ. ಕಲ್ಲಿನ ಪಾಲಿಶ್ ಮಷೀನ್ ಮುಂದೆ ನಿಂತು ಕೆಮ್ಮುವ ಅಪ್ಪನಿಗೆ ಇನ್ನೊಂದು ವರ್ಷ ಓದಿಸ್ರಿ ಅಂತ ಹೇಳೋ ಬಾಯಿ ನನಗಿರಲಿಲ್ಲ. ಅದಕ್ಕೇ ಬಿಳಿ ಫ್ಲಾಸ್ಕನ್ನು ಮನೆಗೇ ಹೊತ್ತು ತಂದೆ. ಬಿಡೋ ಮಾತೇ ಇಲ್ಲ ಅಂತ.

ನಾಲವಾರಕ್ಕೆ ಹೊರಡುವ ದಿನ ಬೆಳಿಗ್ಗೆ ಹೊಸ ಫ್ಲಾಸ್ಕಿಗೆ ಅದರಿಂದ ನಾಲ್ಕು ಹನಿ ಬಿಟ್ಟು ಕಿಟಕಿಯಲ್ಲಿಟ್ಟೆ. ಬಲ್ಬ್ ಹಚ್ಚಿ, ಆರಿಸಬೇಡ ಅಂತ ಅವ್ವನಿಗೆ ಹೇಳಿದೆ. ಏನದು ಅಂತ ಕೇಳಿದಳು. ಮೊಸರಿನಾಗ ಇರ್ತಾವಲ್ಲ, ಅಂಥವೇ ಅಂದುಬಿಟ್ಟೆ.

ಅಷ್ಟೇ ನಾನು ಮಾಡಿದ ತಪ್ಪು. ಈಗ ಬಂದು ಫ್ಲಾಸ್ಕ್ ಎಲ್ಲಿ ಅಂತ ಕೇಳಿದೆ.

"ಹೆಪ್ಪು ಹಾಕಿದ್ದು ಕಿಟಕ್ಯಾಗ ಇಟ್ಟು ಲೈಟ್ ಹಚ್ತಾರೇನ ಹುಚ್ಚಿ? ಬಂದೋರ ಹೋದೋರ ಕಣ್ಣು ಬೀಳ್ತದ," ಅಂದಳು ಅವ್ವ. "ಮೂಲ್ಯಾಗ ಬುಟ್ಟಿ ಮುಚ್ಚಿ ಇಟ್ಟೀನಿ ನೋಡು."

ನಮ್ಮ ಮನೆಯಲ್ಲಿ ಹೆಪ್ಪು ಹಾಕಿದ ಗಡಿಗೆಯನ್ನು ಯಾರ ಕಣ್ಣಿಗೂ ಬೀಳಿಸುವುದಿಲ್ಲ. ಜೋಳದ ಚೀಲಗಳ ಹಿಂದೆ, ಮೇಲೊಂದು ಬುಟ್ಟಿ, ಬುಟ್ಟಿಯ ಮೇಲೆ ಗೋಣಿ.

ಅವ್ವನ ಮೇಲೆ ಬಾಯಿಗೆ ಬಂದಂತೆ ಕೂಗಾಡಿದೆ. ನನ್ನ ವರ್ಷ ಹಾಳು ಮಾಡಿದಿ ಅಂದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಗೋಣಿ ಎಳೆದು ಒಗೆದೆ. ಬುಟ್ಟಿ ಎತ್ತಿದೆ.

ಫ್ಲಾಸ್ಕಿನ ತಳದಲ್ಲಿ ಗುಲಾಬಿ ಬಣ್ಣ!

ಫ್ಲಾಸ್ಕ್ ಎತ್ತಿ ಕಣ್ಣ ಹತ್ತಿರ ಹಿಡಿದೆ. ಆಗ ತಲೆಗೆ ಹೊಳೆಯಿತು... ಮೊದಲ ಸಲ ಗುಲಾಬಿ ಬಂದಾಗಲೂ ಇವು ಲ್ಯಾಬಿನ ಇನ್‌ಕ್ಯುಬೇಟರ್ ಅನ್ನೋ ಬೆಚ್ಚನೆ ಪೆಟ್ಟಿಗೆಯ ಒಳಗಿದ್ದವು. ಬಾಗಿಲು ಹಾಕಿದರೆ ಅದರೊಳಗೆ ಬರೀ ಕತ್ತಲೆ!

ಸೂಟಿ ಮುಗಿದ ದಿನವೇ ಲ್ಯಾಬಿಗೆ ಓಡಿದೆ. ಒಂದೇ ಫ್ಲಾಸ್ಕಿನಿಂದ ಎರಡು ಮಾಡಿದೆ. ಒಂದು ಟ್ಯೂಬ್‌ಲೈಟ್ ಕೆಳಗೆ, ಇನ್ನೊಂದು ಕರಿ ಕಾಗದ ಸುತ್ತಿ ಕಪಾಟಿನೊಳಗೆ. ಬೆಳಕಿನದು ಬಿಳಿ, ಕತ್ತಲೆಯದು ಗುಲಾಬಿ. ಗೈಡ್ ನಂಬಲಿಲ್ಲ, ಮತ್ತೆ ಮಾಡು ಅಂದರು. ಮತ್ತೆ ಮಾಡಿದೆ. ಬಿಳಿಯದನ್ನೇ ತೆಗೆದು ಕತ್ತಲೆಗೆ ಹಾಕು ಅಂದರು. ಹಾಕಿದೆ. ಅದೂ ಗುಲಾಬಿಯಾಗಿ ಎದ್ದು ಬಂತು.

ಜೀನ್ ಎಲ್ಲೂ ಹೋಗಿರಲಿಲ್ಲ! ಈ ಜೀವಿಗಳು ನಮ್ಮ ಹಾಗೆ ಉಂಡೇ ಬದುಕುತ್ತವೆ, ಬೆಳಕು ಮೇಲೊಂದಿಷ್ಟು ಆಸರೆ ಅಷ್ಟೇ. ಆ ಬೆಳಕು ಹಿಡಿಯುವ ಬಣ್ಣವನ್ನು ಕತ್ತಲೆಯಲ್ಲಿ ತಯಾರು ಮಾಡಿಕೊಳ್ಳುತ್ತವೆ. ಬಿಡುವಿಲ್ಲದೆ ಬೆಳಕು ಬಿಟ್ಟರೆ ಆ ಜೀನ್‌ಗಳು ಸುಮ್ಮನಾಗಿಬಿಡುತ್ತವೆ.

ಗೈಡ್ ಎರಡೂ ಫ್ಲಾಸ್ಕುಗಳನ್ನು ಪಕ್ಕಪಕ್ಕ ಹಿಡಿದು ನೋಡಿದರು.

"ನಂದೇ ತಪ್ಪಾತಮ್ಮಾ. ಯಾರು ಹೇಳಿದ್ರು ನಿನಗ ಕತ್ತಲ್ಯಾಗ ಇಡು ಅಂತ?"

ನಮ್ಮ ಅವ್ವ ಸರ್, ಅಂದೆ. ನಕ್ಕರು. ನಾನು ನಗಲಿಲ್ಲ. ಅದೇ ವರ್ಷ ಪಾಸಾದೆ. ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಅವ್ವನ ಹೆಸರು ಬರೆದೆ, ಓದಲು ಬಾರದ ಅವಳ ಬೆರಳು ಹಿಡಿದು ಅದರ ಮೇಲೆ ಆಡಿಸಿದೆ.

ಮುಂದೆ ಮೂವತ್ತು ವರ್ಷ ಪಾಠ ಮಾಡಿದೆ. ಈ ಹುಡುಗಿ ತಲೆಯಲ್ಲಿ ಏನೂ ಇಲ್ಲ ಮೇಡಂ ಅಂತ ಯಾರಾದರೂ ಕರೆತಂದಾಗಲೆಲ್ಲ ನನಗೆ ಆ ಬಿಳಿ ಫ್ಲಾಸ್ಕೇ ನೆನಪಾಗುತ್ತಿತ್ತು.

ನೀವೂ ಯಾರನ್ನಾದರೂ ಖಾಲಿ ಅಂದುಕೊಂಡಿದ್ದೀರಾ... ಅವರ ಮೇಲೆ ಹಗಲೂ ರಾತ್ರಿ ಬಿಟ್ಟ ಒತ್ತಾಯದ ಬಲ್ಬನ್ನು ಒಂದು ಸಲವಾದರೂ ಆರಿಸಿ ನೋಡಿದ್ದೀರಾ?