ಪ್ಯಾಂಟು ತೊಟ್ಟು ಕುಬಟೂರಿಗೆ ಹೋದದ್ದು

ಧಾರಾವಾಹಿಗಳನ್ನು ನಾನು ಕಥೆಗಾಗಿ ನೋಡುವುದಿಲ್ಲ, ಬಟ್ಟೆಗಾಗಿ ನೋಡುತ್ತೇನೆ. ಈ ದುರಭ್ಯಾಸವನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸೊಸೆ ಗೋಳೋ ಎಂದು ಅಳುವಾಗ ಮನೆಮಂದಿಯೆಲ್ಲ ಮೂಗು ಒರೆಸಿಕೊಳ್ಳುತ್ತಾರೆ. ನಾನು ಮಾತ್ರ ಹಿಂದೆ ನಿಂತ ಮಾವನ ಅಂಗಿಗೆ ಎಷ್ಟು ಗುಂಡಿಗಳಿವೆ ಎಂದು ನೋಡುತ್ತಿರುತ್ತೇನೆ. ಏನು ಮಾಡಲಿ, ಶಿಕಾರಿಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರ ಮಗ ನಾನು. ಎದುರಿಗೆ ಬಂದವರ ಮುಖ ನೋಡುವ ಮೊದಲೇ ಅವರ ಅಂಗಿಯ ತುದಿಯನ್ನು ಎರಡು ಬೆರಳಲ್ಲಿ ಹೊಸಕಿ ನೋಡುವ ಮನೆತನ ನಮ್ಮದು.

ಈಗ ಸಂಜೆ ಬರುವ ಒಂದು ಧಾರಾವಾಹಿಯಲ್ಲಿ ಐವತ್ತರ ದಶಕದ ತಾಲ್ಲೂಕು ಕಚೇರಿಯನ್ನು ತೋರಿಸುತ್ತಿದ್ದಾರೆ. ಅಬ್ಬಾ, ಏನು ಕಚೇರಿ! ಗುಮಾಸ್ತರೆಲ್ಲ ಮದುವೆ ಗಂಡುಗಳ ಹಾಗಿದ್ದಾರೆ. ಮೈಗಂಟಿದ ಪ್ಯಾಂಟು, ಒಂದು ಮಡಿಕೆಯೂ ಕೆಡದ ಅಂಗಿ, ಸೊಂಟಕ್ಕೆ ಬೆಲ್ಟು. ಒಬ್ಬನ ಬೆರಳಿಗೂ ಶಾಯಿ ಮೆತ್ತಿಲ್ಲ. ಶಾಯಿಯ ಕಲೆಯಿಲ್ಲದ ಗುಮಾಸ್ತನನ್ನು ಆ ಕಾಲದಲ್ಲಿ ಯಾರೂ ಗುಮಾಸ್ತನೆಂದು ನಂಬುತ್ತಿರಲಿಲ್ಲ. ನಾನು ಗೊಣಗಿದರೆ ಮೊಮ್ಮಗಳು ವೀಣಾ, “ಅಜ್ಜಾ, ಸುಮ್ನೆ ಕಥೆ ನೋಡೋ” ಎಂದು ಗದರುತ್ತಾಳೆ.

ಮೊನ್ನೆ ಮಾತ್ರ ನನಗೆ ಸುಮ್ಮನಿರಲು ಆಗಲಿಲ್ಲ. ಧಾರಾವಾಹಿಯ ನಾಯಕ ಆ ಬಿಗಿ ಪ್ಯಾಂಟಿನಲ್ಲೇ ಒಂದು ಹಳ್ಳಿಗೆ ಹೋದ. ಒಂದು ಮನೆಯ ಬಾಗಿಲಲ್ಲಿ ನಿಂತು, ಕಾಗದ ತೆಗೆದು, “ಮನೆಯಲ್ಲಿ ಎಷ್ಟು ಜನ?” ಎಂದ. ಒಳಗಿನಿಂದ ಬಂದ ಮುದುಕಿ ಹಿರಿಯರು, ಕಿರಿಯರು, ತೊಟ್ಟಿಲಲ್ಲಿರುವ ಮಗು ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿಬಿಟ್ಟಳು. “ಸುಳ್ಳು! ಶುದ್ಧ ಸುಳ್ಳು!” ಎಂದು ನಾನು ಕೂಗಿದ್ದಕ್ಕೆ ಅಡುಗೆಮನೆಯಿಂದ ಸೊಸೆ ಓಡಿ ಬಂದಳು. ನಾನು ಕೂಗಿದ್ದು ಅನುಭವದಿಂದ. ಆ ಪ್ರಯೋಗವನ್ನು ಮಾಡಿ ಕೈಸುಟ್ಟುಕೊಂಡವನು ನಾನೇ.

ನನಗೆ ಸೊರಬದ ತಾಲ್ಲೂಕು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನ ಕೆಲಸ ಸಿಕ್ಕಿದ್ದು ಏಕೀಕರಣವಾದ ಒಂದೆರಡು ವರ್ಷಕ್ಕೆ. ಆಗ ನಮ್ಮ ಕಚೇರಿಯೇ ಒಂದು ಉಡುಪಿನ ಸಂತೆ. ಹಳಬರೆಲ್ಲ ಕಚ್ಚೆಪಂಚೆ, ಕತ್ತಿನವರೆಗೆ ಗುಂಡಿ ಹಾಕಿದ ಕರಿ ಕೋಟು, ತಲೆಗೆ ರುಮಾಲು. ಹಿರೇಕೆರೂರಿನ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಒಬ್ಬರು ಮಾತ್ರ ಕರಿ ಟೋಪಿ ಇಡುತ್ತಿದ್ದರು. ರುಮಾಲಿನವರು ಟೋಪಿಯನ್ನು ನೋಡಿ ನಗುವುದು, ಟೋಪಿಯವರು ರುಮಾಲನ್ನು ನೋಡಿ ನಗುವುದು, ಇಷ್ಟರಲ್ಲೇ ಏಕೀಕರಣ ಸಾಂಗವಾಗಿ ನಡೆದಿತ್ತು. ಇವರೆಲ್ಲರಿಗಿಂತ ಭರ್ಜರಿಯಾಗಿ ಕಾಣುತ್ತಿದ್ದವನು ಕಚೇರಿಯ ದಲಾಯತ, ಈಗಿನ ಮಾತಿನಲ್ಲಿ ಜವಾನ. ಎದೆಯ ಮೇಲೆ ಅಡ್ಡಪಟ್ಟಿ, ಅದರಲ್ಲಿ ಹೊಳೆಯುವ ಹಿತ್ತಾಳೆಯ ಬಿಲ್ಲೆ. ಹಳ್ಳಿಯಿಂದ ಬಂದವರು ಮೊದಲು ಅವನಿಗೇ ಕೈ ಮುಗಿಯುತ್ತಿದ್ದರು, ಅವನೂ ಬೇಡವೆನ್ನುತ್ತಿರಲಿಲ್ಲ.

ಈ ಸಂತೆಗೆ ನಾನು ಪ್ಯಾಂಟು ತೊಟ್ಟು ಹೋದೆ. ಹೊಲಿದವನು ಶಿಕಾರಿಪುರದ ನಮ್ಮ ಅಂಗಡಿಯ ಜಗಲಿಯ ದರ್ಜಿ. ಅವನು ಅದುವರೆಗೆ ಹೊಲಿದದ್ದು ಶಾಲೆಯ ಮಕ್ಕಳ ಚಡ್ಡಿ ಮಾತ್ರ. ನನ್ನದನ್ನೂ ಚಡ್ಡಿಯಂತೆಯೇ ಶುರು ಮಾಡಿ, ನಿಲ್ಲಿಸುವುದನ್ನು ಮರೆತು, ಪಾದದವರೆಗೆ ಹೊಲಿದುಕೊಂಡು ಹೋಗಿದ್ದ. ಆದರೂ ನನಗೆ ಬಹಳ ಜಂಬ. ನಮ್ಮಪ್ಪ ಒಂದು ಸುತ್ತು ಬಂದು ನೋಡಿ, “ಬಟ್ಟೆ ಚಲೋ ಐತಿ” ಎಂದಷ್ಟೇ ಹೇಳಿದರು. ಹೊಲಿಗೆಯ ಬಗ್ಗೆಯಾಗಲಿ ಮಗನ ಬಗ್ಗೆಯಾಗಲಿ ಒಂದು ಮಾತೂ ಇಲ್ಲ.

ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ಕುಬಟೂರಿನದೊಂದು ಅರ್ಜಿ ನನ್ನ ಮೇಜಿಗೆ ಬಂತು. ಅಲ್ಲಿನ ಒಬ್ಬ ರೈತ ಜ್ವರದಿಂದ ತೀರಿಹೋಗಿದ್ದ. ಬೇರೆ ಊರಿನಲ್ಲಿದ್ದ ಅವನ ತಮ್ಮ, ‘ಅಣ್ಣನಿಗೆ ಮಕ್ಕಳಿಲ್ಲ, ಅವನ ಗದ್ದೆಯ ಖಾತೆಯನ್ನು ನನ್ನ ಹೆಸರಿಗೆ ಮಾಡಿಕೊಡಬೇಕು’ ಎಂದು ಬರೆದುಕೊಂಡಿದ್ದ. ಮಕ್ಕಳಿಲ್ಲದ ವಿಧವೆಗೆ ಅನ್ನ ಬಟ್ಟೆ ಕೊಟ್ಟರೆ ಸಾಕು ಎಂಬ ರೂಢಿ ಇನ್ನೂ ಬಲವಾಗಿತ್ತು. ವಿಧವೆಗೂ ಪಾಲು ಕೊಡುವ ಹೊಸ ಕಾಯಿದೆ ದೆಹಲಿ ಬಿಟ್ಟಿತ್ತು, ಸೊರಬ ತಲುಪಿರಲಿಲ್ಲ. ಹಾಗಾಗಿ ಸತ್ತವನಿಗೆ ಮಗು ಇದೆಯೇ ಇಲ್ಲವೇ ಎಂಬುದೊಂದರ ಮೇಲೆ ಆ ಗದ್ದೆ ನಿಂತಿತ್ತು. ವಿಚಾರಣೆಗೆ ಹೋಗಬೇಕಾದ ಶೇಕದಾರರಿಗೆ ಕಾಲು ಉಳುಕಿದ್ದರಿಂದ ನನ್ನನ್ನು ಕಳಿಸಿದರು.

ಆನವಟ್ಟಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕುಬಟೂರಿಗೆ ನಡೆದೆ. ಊರಿನ ಹಳೆಯ ದೇವಸ್ಥಾನದ ಹತ್ತಿರ ಒಂದು ಶಾಸನದ ಕಲ್ಲು ಕಂಡು ನಿಂತೆ. ಇಂಥ ಕಲ್ಲುಗಳಲ್ಲಿ ಯಾರು ಎಷ್ಟು ಭೂಮಿ ಕೊಟ್ಟರು, ಅದರ ಗಡಿ ಯಾವ ಹುಣಿಸೆಮರ, ಯಾವ ಕೆರೆಕೋಡಿ ಎಂಬುದೆಲ್ಲ ಇರುತ್ತದೆ. ಕೊನೆಗೆ ಅದನ್ನು ಬರೆದ ಸೇನಬೋವನ, ಅಂದರೆ ಆ ಕಾಲದ ಗುಮಾಸ್ತನ, ಹೆಸರೂ ಇರುತ್ತದೆ. ಆದರೆ ಆ ಸೇನಬೋವ ಕೆಲಸಕ್ಕೆ ಏನುಟ್ಟು ಬರುತ್ತಿದ್ದ? ಕಲ್ಲು ತುಟಿಪಿಟಕ್ಕೆನ್ನುವುದಿಲ್ಲ. ಈ ಕುತೂಹಲ ನನಗೆ ಇವತ್ತಿಗೂ ತೀರಿಲ್ಲ. ಅವತ್ತಂತೂ ಅದೇ ಯೋಚನೆಯಲ್ಲಿ ಅಲ್ಲೇ ಅರ್ಧ ಗಂಟೆ ಕಳೆದು, ವಾಪಸು ಬಸ್ಸು ತಪ್ಪೀತೆಂಬ ಗಾಬರಿಯಲ್ಲಿ ಆ ಮನೆಯ ಬಾಗಿಲಿಗೆ ಓಡಿದೆ.

ಪಟೇಲರನ್ನೂ ಶ್ಯಾನುಭೋಗರನ್ನೂ ಪಕ್ಕದಲ್ಲಿಟ್ಟುಕೊಂಡು ಹೇಳಿಕೆ ಪಡೆಯಬೇಕೆಂಬುದು ಕ್ರಮ. ಪಟೇಲರು ಹೊಲಕ್ಕೆ ಹೋಗಿದ್ದರು, ಶ್ಯಾನುಭೋಗರು ಪರವೂರಿಗೆ. ಹೋಗಲಿ ಬಿಡು, ಒಂದು ಪ್ರಶ್ನೆಗೆ ಇಷ್ಟೆಲ್ಲ ಯಾಕೆ ಎಂದುಕೊಂಡೆ. ಬಾಗಿಲಿಗೆ ಬಂದವರು ಸತ್ತವನ ತಾಯಿ ಬಸಮ್ಮಜ್ಜಿ. ಸೊಸೆ ಗೌರಮ್ಮ ಗದ್ದೆಯಲ್ಲಿದ್ದಳು.

“ಸರ್ಕಾರದಿಂದ ಬಂದಿದೀನಿ. ಮನೇಲಿ ಮಕ್ಕಳಿದಾರಾ?” ಎಂದೆ.

ಅಜ್ಜಿ ನನ್ನ ಪ್ಯಾಂಟನ್ನು ಮೇಲಿನಿಂದ ಕೆಳಗೆ ನೋಡಿದರು. “ಮಕ್ಳು ಮರಿ ಯಾರೂ ಇಲ್ರೀ ನಮ್ ಮನ್ಯಾಗೆ.”

ಒಳಗೆ ಏನೋ ಸೀನಿದ ಸದ್ದಾಯಿತು. “ಬೆಕ್ಕು ರೀ” ಎಂದರು ಅಜ್ಜಿ. ಬೆಕ್ಕು ಅಷ್ಟು ಗಟ್ಟಿಯಾಗಿ ಸೀನುತ್ತದೆಯೇ ಎಂದು ನಾನು ಯೋಚಿಸಲಿಲ್ಲ. ‘ಮೃತನಿಗೆ ಮಕ್ಕಳಿಲ್ಲವೆಂದು ಅವನ ತಾಯಿಯೇ ತಿಳಿಸಿರುತ್ತಾಳೆ’ ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನ್ನ ಚುರುಕುತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನಾಲ್ಕು ದಿನಕ್ಕೆ ಗೌರಮ್ಮ ಕಚೇರಿಗೆ ಬಂದಳು. ಕಂಕುಳಲ್ಲಿ ಮೂರು ವರ್ಷದ ಮಗು. ಖಾತೆ ತನಗಾಗುತ್ತದೆಂದು ಮೈದುನ ಊರೆಲ್ಲ ಹೇಳಿಕೊಂಡು ಬಂದಿದ್ದನಂತೆ. ಅವಳು ಅಳಲಿಲ್ಲ. ಮಗುವನ್ನು ನನ್ನ ಮೇಜಿನ ಮೇಲೆ, ಕಾಗದಗಳ ನಡುವೆಯೇ ಕೂರಿಸಿದಳು.

“ಇಲ್ಲೇ ಐತಲ್ರೀ ನನ್ ಕೂಸು. ಇದನ್ನ ಇಲ್ಲ ಅಂತ ಬರ್ದೋರು ಯಾರ್ರೀ?”

ಮಗು ನನ್ನ ಮುಖ ನೋಡಿ ಸೀನಿತು. ಆ ಸೀನನ್ನು ನಾನು ಗುರುತಿಸಿದೆ.

ಆದದ್ದಿಷ್ಟು. ಆ ದಿನಗಳಲ್ಲಿ ಪ್ಯಾಂಟು ತೊಟ್ಟು ಹಳ್ಳಿಯ ಮನೆಬಾಗಿಲಿಗೆ ಬಂದು ಮಕ್ಕಳನ್ನು ಕೇಳುತ್ತಿದ್ದವರು, ಸಿಡುಬು ಬಾರದಂತೆ ತೋಳಿಗೆ ಚುಚ್ಚಿ ದಾಕು ಹಾಕುವವರು ಮಾತ್ರ. ಅವರು ಬಂದರೆಂದರೆ ಊರಿನ ಮಕ್ಕಳೆಲ್ಲ ಅಟ್ಟದ ಮೇಲೆ, ಹುಲ್ಲಿನ ಮೆದೆಯಲ್ಲಿ ಮಾಯ. ನಾನು ಕಲ್ಲಿನ ಮುಂದೆ ನಿಂತಿದ್ದ ಅರ್ಧ ಗಂಟೆಯಲ್ಲೇ ಸುದ್ದಿ ಮುಟ್ಟಿ, ಬಸಮ್ಮಜ್ಜಿ ಮೊಮ್ಮಗನನ್ನು ಖಾಲಿ ಕಣಜದೊಳಗೆ ಇಳಿಸಿ ಬಂದಿದ್ದರು. ಮಗನನ್ನು ಜ್ವರಕ್ಕೆ ಕಳೆದುಕೊಂಡ ಮೇಲೆ, ದಾಕು ಹಾಕಿದರೆ ಬರುವ ಜ್ವರವೂ ಅವರಿಗೆ ಜವರಾಯನೇ. ಮೊಮ್ಮಗನನ್ನು ಉಳಿಸಿಕೊಳ್ಳಲು ಹೇಳಿದ ಸುಳ್ಳು ಮೊಮ್ಮಗನ ಗದ್ದೆಯನ್ನೇ ಕಳೆಯುವುದರಲ್ಲಿತ್ತು.

ಶಿರಸ್ತೇದಾರ ನಂಜುಂಡಯ್ಯನವರು ಎಲ್ಲವನ್ನೂ ಕೇಳಿ ನಶ್ಯ ಏರಿಸಿದರು. “ಮಗು ಕಣ್ಣೆದುರಿಗೆ ಇದೆ ಸರಿ, ಆದ್ರೆ ಹೆಬ್ಬೆಟ್ಟು ಕಾಗದದ ಮೇಲಿದೆಯಲ್ರೀ. ಇದು ಬೇರೆಯವರ ಮಗು ಅಂತ ಆ ತಮ್ಮ ಹೇಳಿದ್ರೆ? ಅಜ್ಜಿಯೇ ಪಟೇಲರ ಎದುರಿಗೆ ಇನ್ನೊಮ್ಮೆ ಹೇಳ್ಬೇಕು. ಸೋಮವಾರ ಅಮಲ್ದಾರರು ಹುಕುಂ ಮಾಡ್ತಾರೆ.”

“ಅತ್ತೆ ಹೇಳಂಗಿಲ್ರೀ” ಎಂದಳು ಗೌರಮ್ಮ. “ಸುಳ್ಳು ಹೆಬ್ಬೆಟ್ಟಿಗೆ ಹಿಡ್ಕೊಂಡ್ ಹೋಗ್ತಾರೆ ಅಂತ ಯಾರೋ ಹೆದ್ರಿಸ್ಯಾರೆ. ಸರ್ಕಾರದೋರು ಅಂದ್ರೆ ಬಾಗ್ಲು ಹಾಕ್ಕೊಂತಾಳೆ.”

ನನ್ನ ಕೆಲಸ ಹೋಗುತ್ತದೆಯೇ ಎಂದು ನಾನು ಮೆಲ್ಲಗೆ ಕೇಳಿದೆ. “ಮೊದಲು ಗದ್ದೆ ಉಳಿಸ್ರೀ, ನಿಮ್ಮ ನೌಕರಿ ಆಮೇಲೆ ನೋಡೋಣ” ಎಂದು ಅವರು ರೇಗಿದರು. ಎದ್ದು ನಿಂತು ತಮ್ಮ ಕೋಟು ಬಿಚ್ಚಿದರು. ರುಮಾಲನ್ನೂ ತೆಗೆದು ಎರಡು ಕೈಯಲ್ಲಿ ಹಿಡಿದು ನನ್ನ ತಲೆಗಿಟ್ಟರು. “ನಾಳೆ ಈ ವೇಷದಲ್ಲಿ ಹೋಗಿ. ಮರ್ಯಾದಸ್ಥರ ಹಾಗೆ ಕಂಡ್ರೆ ಜನ ನಿಜ ಹೇಳ್ತಾರೆ.” ರುಮಾಲಿಲ್ಲದ ಶಿರಸ್ತೇದಾರರನ್ನು ಕಚೇರಿ ಮೊದಲ ಸಲ ನೋಡಿತು. ದಲಾಯತ ಗಾಬರಿಯಾಗಿ ಮುಖ ತಿರುಗಿಸಿಕೊಂಡ.

ಮರುದಿನ ಕಚ್ಚೆಪಂಚೆ ಉಟ್ಟು, ಇಬ್ಬರು ಹಿಡಿಸುವ ಕೋಟು ತೊಟ್ಟು ಕುಬಟೂರಿಗೆ ಹೊರಟೆ. ರುಮಾಲಂತೂ ನನ್ನ ತಲೆಯದಲ್ಲ. ಎಡಕ್ಕೆ ತಿರುಗಿದರೆ ಅದು ಮುಂದಕ್ಕೇ ನೋಡುತ್ತಿತ್ತು. ಪಟೇಲರನ್ನೂ ಶ್ಯಾನುಭೋಗರನ್ನೂ ಪಕ್ಕದ ಮನೆಯಲ್ಲಿ ಕೂರಿಸಿ, ಒಬ್ಬನೇ ಹೋಗಿ ಬಸಮ್ಮಜ್ಜಿಯನ್ನು ಕರೆದೆ. ಬಾಗಿಲು ಅರ್ಧ ತೆರೆಯಿತು. ಮಾತಾಡಿಸಬೇಕೆಂದರೆ ಆ ಗಿಡ್ಡ ಬಾಗಿಲಿಗೆ ಬಗ್ಗಬೇಕು. ಬಗ್ಗಿದರೆ ಶಿರಸ್ತೇದಾರರ ರುಮಾಲು ಅಂಗಳದ ಪಾಲು. ಬೇರೆ ದಾರಿ ಕಾಣದೆ ಜಗಲಿಯ ಮೇಲೆ ಕೂತುಬಿಟ್ಟೆ.

ಕೇಳಬೇಕಾದ ಪ್ರಶ್ನೆ ಒಂದೇ, ಅದನ್ನು ಕೇಳಲು ಭಯ. ಸ್ವಲ್ಪ ಹೊತ್ತಿಗೆ ಅಜ್ಜಿ ನೀರು, ಬೆಲ್ಲ ತಂದಿಟ್ಟು ಬಾಗಿಲಿಗೆ ಒರಗಿ ಕೂತರು. ಬೆಲ್ಲ ಬಾಯಿಗೆ ಹಾಕಿಕೊಂಡು, “ಮಗನಿಗೆ ಏನಾಗಿತ್ತು ಅಜ್ಜಿ?” ಎಂದೆ.

ಅವರು ಹೇಳುತ್ತಾ ಹೋದರು. ಮೂರು ದಿನದ ಜ್ವರ. ಗಾಡಿ ಕಟ್ಟಿ ಆನವಟ್ಟಿಗೆ ಒಯ್ಯುವಾಗ ದಾರಿಯಲ್ಲೇ ಅವನು ನೀರು ಕೇಳಿದ್ದು, ತಾನು ಇಳಿದು ತರುವಷ್ಟರಲ್ಲಿ ಅವನಿಗೆ ಅದು ಬೇಡವಾಗಿದ್ದು. ನಾನು ಕಾಗದವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು, ಮಗುವನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂರಿಸಿದರು.

“ಇವ್ನೇ ನೋಡ್ರಿ ಅವ್ನ ಮಗ. ಅಪ್ಪನ್ ಮೂಗೇ ಬಂದೈತಿ.”

ಪಟೇಲರೂ ಶ್ಯಾನುಭೋಗರೂ ಬಂದರು. ಹೇಳಿಕೆ ಬರೆದು ಓದಿ ಹೇಳಿದೆ. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಅವರಿಬ್ಬರೂ ಎದ್ದು ಹೋದ ಮೇಲೆ ನನ್ನ ಮನಸ್ಸು ತಡೆಯಲಿಲ್ಲ. ವೇಷ ಹಾಕಿ ಮುದುಕಿಯೊಬ್ಬರನ್ನು ಮೋಸ ಮಾಡಿದಂತೆ ಅನ್ನಿಸುತ್ತಿತ್ತು.

“ಅಜ್ಜಿ, ಅವತ್ತು ಪ್ಯಾಂಟು ಹಾಕ್ಕೊಂಡು ಬಂದಿದ್ದವನು ನಾನೇ” ಎಂದೆ.

“ಗೊತ್ತೈತಿ ಬಿಡ್ರಿ” ಎಂದರು ಅವರು, ಆಶ್ಚರ್ಯವೇ ಇಲ್ಲದೆ. “ಹೊರಗಿನಿಂದ ಕರೆದಾಗ್ಲೇ ದನಿ ಗೊತ್ತಾತು.”

“ಗೊತ್ತಿದ್ದೂ ನಿಜ ಹೇಳಿದಿರಾ? ಮತ್ತೆ ಅವತ್ತು ಯಾಕೆ ಹೇಳಲಿಲ್ಲ?”

“ಅವತ್ತು ನೀವು ಕೂರ್ಲೇ ಇಲ್ಲಲ್ರೀ, ತಮ್ಮಾ. ದಾಕಿನೋರಂಗೆ ನಿಂತಿದ್ರಿ. ಕೂತಿದ್ರೆ ಹೇಳ್ತಿದ್ದೆ.”

ನಾನು ಅವತ್ತು ಕೂರದಿದ್ದದ್ದಕ್ಕೆ ಕಾರಣ ಬಹಳ ದೊಡ್ಡದೇನಲ್ಲ. ಇಸ್ತ್ರಿ ಕೆಡುತ್ತದೆಂದು ಕೂರಲಿಲ್ಲ. ಇದನ್ನು ಆ ಅಜ್ಜಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಸೊರಬಕ್ಕೆ ಬಂದು ರುಮಾಲು ಒಪ್ಪಿಸಿದಾಗ ನಂಜುಂಡಯ್ಯನವರು, “ನೋಡಿದ್ರಾ, ರುಮಾಲಿನ ಮಹಿಮೆ!” ಎಂದು ಹಿಗ್ಗಿದರು. ಅವರ ಸಂತೋಷ ಕೆಡಿಸಲು ಮನಸ್ಸಾಗದೆ ಹೌದೆಂದೆ. ಆದರೆ ಸೋಮವಾರ ತಾಲ್ಲೂಕಿಗೇ ದೊಡ್ಡ ಅಧಿಕಾರಿಯಾದ ಅಮಲ್ದಾರರಿಂದ ಚೀಟಿ ಬಂತು: ಅದೇ ಮುದುಕಿ ವಾರದೊಳಗೆ ಎರಡು ತರಹ ಹೇಳಿದ್ದೇಕೆ, ಸಮಜಾಯಿಷಿ ಬರೆದುಕೊಡತಕ್ಕದ್ದು. ಅಜ್ಜಿ ಸುಳ್ಳುಗಾರ್ತಿ ಎಂದು ಬರೆದರೆ ಎರಡನೆಯ ಹೇಳಿಕೆಯೂ ಬಿದ್ದುಹೋಗುತ್ತದೆ, ಅದರ ಜೊತೆಗೆ ಮಗುವಿನ ಗದ್ದೆಯೂ. ಬಹಳ ಹೊತ್ತು ಲೇಖನಿಯ ತುದಿ ಕಚ್ಚಿ, ಕೊನೆಗೆ ಇಷ್ಟೇ ಬರೆದೆ: ‘ತಪ್ಪು ನನ್ನದು. ಮೊದಲನೆಯ ಹೇಳಿಕೆಯನ್ನು ನಾನು ನಿಂತುಕೊಂಡು ಪಡೆದಿದ್ದೆ.’

ಅಮಲ್ದಾರರು ನನ್ನನ್ನು ಒಳಗೆ ಕರೆಸಿದರು. ಕಾಗದವನ್ನು ಒಮ್ಮೆ ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಹಂಗಾಮಿ ಗುಮಾಸ್ತನಿರಲಿ, ನಂಜುಂಡಯ್ಯನವರೂ ಅವರೆದುರು ನಿಂತೇ ಮಾತಾಡುತ್ತಿದ್ದ ಕಾಲ ಅದು. ಅವರು ಮೇಜಿನಾಚೆಯ ಕುರ್ಚಿಯನ್ನು ತೋರಿಸಿ, “ಕೂತ್ಕೊಳ್ರೀ” ಎಂದರು. ನಾನು ಕೂತೆ. ಇಸ್ತ್ರಿಯ ವಿಷಯವನ್ನೂ ಬಿಡದೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಕಡತವನ್ನು ಹತ್ತಿರಕ್ಕೆ ಎಳೆದುಕೊಂಡು, ಖಾತೆಗೆ ಬರೆಯಲು ಮಗುವಿನ ಹೆಸರೇನೆಂದು ಕೇಳಿದರು.