ಮೈಕಿನಲ್ಲಿ ಹೇಳದ ಹೆಸರು

ಇದನ್ನು ಹೇಳುವುದನ್ನು ಮುಂದಕ್ಕೆ ಹಾಕುತ್ತಲೇ ಬಂದೆ. ಹೆಂಡತಿ ಇದ್ದಾಗ, ನಾಳೆ ಹೇಳಿದರಾಯಿತು ಎಂದುಕೊಂಡೆ. ಅವಳು ಹೋದ ಮೇಲೆ, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ. ಈಗ ಹಿರಿಯಡ್ಕದಲ್ಲಿ ಮಗಳ ಮನೆಯ ಜಗಲಿಯಲ್ಲಿ ಕುಳಿತು, ಕಾರ್ಕಳದ ಬಸ್ಸುಗಳ ಹಾರ್ನ್ ಕೇಳುತ್ತಾ ಬರೆಯುತ್ತಿದ್ದೇನೆ. ಮನೆಯಲ್ಲಿ ಜನರಿಗೆ ಕೊರತೆಯಿಲ್ಲ. ಎಲ್ಲರೂ ಊಟವಾಯಿತೇ ಎಂದು ಕೇಳುತ್ತಾರೆ, ನಾನು ಆಯಿತು ಎನ್ನುತ್ತೇನೆ. ದಿನದ ಮಾತು ಅಲ್ಲಿಗೆ ಮುಗಿಯುತ್ತದೆ.

ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ಕಂಡಕ್ಟರ್ ಆದವನು ನಾನು. ಕಾರ್ಕಳ, ಬೆಳ್ಮಣ್, ಕಾಪು, ಉಡುಪಿ, ಮಣಿಪಾಲ ಎಂದು ಊರುಗಳ ಹೆಸರು ಕೂಗಿಯೇ ಸಂಸಾರ ನಡೆಸಿದೆ. ಆದರೆ ಹೆಂಡತಿಯ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಕರೆದವನಲ್ಲ. ನನ್ನ ಅಪ್ಪನೂ ಕರೆದವರಲ್ಲ. ಮನೆಯಲ್ಲಿ 'ಓಯ್' ಎಂದರೆ ಸಾಕಿತ್ತು, ಹೊರಗಿನವರ ಮುಂದೆ 'ಮನೆಯವಳು'. ಅದು ಮರ್ಯಾದೆ ಎಂದೇ ತಿಳಿದಿದ್ದೆ.

ಆಗ ನಾವಿಬ್ಬರೂ ಕಾಪು ಹತ್ತಿರದ ಎಲ್ಲೂರಿನಲ್ಲಿದ್ದೆವು. ಕಾಪು ಹೊಸ ತಾಲೂಕಾಗಿ, ಉದ್ಘಾಟನೆಗೆ ದಿನ ಗೊತ್ತಾದಾಗ ಅವಳು ಹೋಗಲೇಬೇಕೆಂದು ಹಟ ಹಿಡಿದಳು.

"ಅಮ್ಮನ ವಿಧವಾ ವೇತನಕ್ಕೆ ಉಡುಪಿಗೆ ಎಷ್ಟು ಅಲೆದಿದ್ದೇನೆ, ನಿಮಗೆ ಗೊತ್ತುಂಟಾ? ಈಗ ತಹಶೀಲ್ದಾರರ ಕುರ್ಚಿ ನಮ್ಮ ಹತ್ತಿರವೇ ಬರುವಾಗ ನೋಡದೆ ಇರ್ಲಿಕ್ಕಾಗ್ತದಾ?"

"ಕುರ್ಚಿ ನೋಡ್ಲಿಕ್ಕೆ ಈ ಬಿಸಿಲಲ್ಲಿ ಹೋಗ್ಬೇಕಾ?"

"ಬಸ್ಸಲ್ಲಿ ನಿಂತೇ ಆಯುಷ್ಯ ಕಳೆದವರಿಗೆ ಕುರ್ಚಿಯ ಬೆಲೆ ಎಂತ ಗೊತ್ತು!" ಎಂದು ನಕ್ಕಳು.

ಮೈದಾನಕ್ಕೆ ಕಾಲಿಟ್ಟಾಗ ನನಗೆ ಗಾಬರಿಯಾಯಿತು. ಅಷ್ಟು ಜನರನ್ನು ನಾನು ಒಟ್ಟಿಗೆ ನೋಡಿರಲಿಲ್ಲ. ಮಹಿಳಾ ಸಂಘದವರೆಲ್ಲ ಒಂದೇ ಬಗೆಯ ನೀಲಿ ಸೀರೆ ಉಟ್ಟು ಬಂದಿದ್ದರು. ಸಂಘದವಳಾದ್ದರಿಂದ ಅವಳದ್ದೂ ಅದೇ ಸೀರೆ. ಸೆರಗು ಸರಿಮಾಡಲು ಕೈಚೀಲವನ್ನು ನನಗೆ ಕೊಟ್ಟಳು. ಅಷ್ಟರಲ್ಲಿ ಪೊಲೀಸರು ಗಂಡಸರನ್ನು ಒಂದು ಬಾಗಿಲಿಗೂ ಹೆಂಗಸರನ್ನು ಇನ್ನೊಂದು ಬಾಗಿಲಿಗೂ ಕಳಿಸಿದರು. ಚೀಲ ನನ್ನ ಕೈಯಲ್ಲೇ ಉಳಿಯಿತು. ಅವಳ ಫೋನು, ಸಕ್ಕರೆ ಕಾಯಿಲೆಯ ಮಾತ್ರೆ, ಹೊಟ್ಟೆಗೆಂದು ತಂದ ಬಿಸ್ಕತ್ತು ಎಲ್ಲವೂ ಅದರಲ್ಲಿದ್ದವು. ಬೆಳಿಗ್ಗೆ ಮಾತ್ರೆ ನುಂಗಿದವಳು ಹೊರಡುವ ಗಡಿಬಿಡಿಯಲ್ಲಿ ಒಂದು ದೋಸೆಯನ್ನೂ ಪೂರ್ತಿ ತಿಂದಿರಲಿಲ್ಲ.

ಮುಖ್ಯಮಂತ್ರಿಗಳು ಬರುವುದು ತಡವಾಯಿತು. ಬಿಸಿಲು ಏರಿತು. ನಾನು ಹೆಂಗಸರ ಕಡೆಗೆ ನೋಡುತ್ತಾ ಅಡ್ಡಗಟ್ಟಿದ ಬಿದಿರಿನುದ್ದಕ್ಕೂ ಓಡಾಡಿದೆ. ಎಲ್ಲಿ ನೋಡಿದರೂ ನೀಲಿ ಸೀರೆ. ಹಿರಿಯಡ್ಕದಿಂದ ತಡವಾಗಿ ಬಂದ ಮಗಳು, "ಅಪ್ಪ, ನಾನು ಒಳಗೆ ಹುಡುಕ್ತೇನೆ, ನೀವು ಮೈಕಿನಲ್ಲಿ ಹೇಳಿಸಿ" ಎಂದು ಜನರ ನಡುವೆ ನುಗ್ಗಿದಳು.

ವೇದಿಕೆಯ ಪಕ್ಕ ಮೈಕಿನವನ ಸುತ್ತ ಹತ್ತಾರು ಮಂದಿ ನಿಂತಿದ್ದರು. ನನ್ನ ಬಸ್ಸಿನ ಹಳೆಯ ಡ್ರೈವರನೂ ಅಲ್ಲಿದ್ದ.

"ಹೆಸರು ಎಂತ?" ಮೈಕಿನವನು ಕೇಳಿದ.

ನಾನು ನನ್ನ ಹೆಸರು ಹೇಳಿದೆ.

"ನಿಮ್ಮದಲ್ಲ ಮಾರಾಯ್ರೆ, ಕಾಣೆಯಾದವರದ್ದು."

"ಮನೆಯವಳು."

"ಮನೆಯವರಿಗೆ ಹೆಸರಿಲ್ವಾ?"

ಡ್ರೈವರ್ ಜೋರಾಗಿ ನಕ್ಕ. "ಕಂಡಕ್ಟರಿಗೆ ನಾಚಿಕೆ! ಸ್ಟಾಪಿನ ಹೆಸರಾದ್ರೆ ಈಗ ಕೂಗ್ತಿದ್ರು." ಸುತ್ತಲಿನವರೂ ನಕ್ಕರು. ಹೆಸರು ನನ್ನ ನಾಲಿಗೆಯ ಮೇಲೇ ಇತ್ತು. ಅವರೆಲ್ಲರ ಎದುರು ಅದನ್ನು ಹೊರಗೆ ಹಾಕಲು ಆಗಲಿಲ್ಲ. "ಇಂಥವರ ಹೆಂಡತಿ ಎಂದು ಹೇಳಿ, ಸಾಕು" ಎಂದು ಗದರಿದೆ. ಅವನು ಹಾಗೆಯೇ ಹೇಳಿದ, ಎರಡೆರಡು ಸಲ. ಯಾರೂ ಬರಲಿಲ್ಲ.

ಕೊನೆಗೆ ಮಗಳೇ ಅವಳನ್ನು ಕಂಡುಹಿಡಿದಳು. ಚಪ್ಪರದ ಹಿಂದೆ ನೀರಿನ ಟ್ಯಾಂಕಿನ ಬುಡದಲ್ಲಿ ಒರಗಿ ಕುಳಿತಿದ್ದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಬೇರೆ ಊರಿನ ಸಂಘದ ಹೆಂಗಸರು ಬಾಯಿಗೆ ಬೆಲ್ಲ ಹಾಕಿ ಗಾಳಿ ಬೀಸುತ್ತಿದ್ದರು. ಅದೇ ಹೊತ್ತಿಗೆ ವೇದಿಕೆಯ ಮೇಲೆ ದೀಪ ಹಚ್ಚಿದರು, ಚಪ್ಪಾಳೆ ಮೊಳಗಿತು. ಯಾವುದನ್ನು ನೋಡಬೇಕೆಂದು ಬಂದಿದ್ದಳೋ ಅದನ್ನು ಅವಳು ನೋಡಲಿಲ್ಲ.

"ಮೈಕಿನಲ್ಲಿ ಅಷ್ಟು ಕೂಗಿಸಿದೆ. ನಿನಗೆ ಕಿವಿ ಕೇಳುವುದಿಲ್ವಾ?" ಎಂದು ಎಲ್ಲರೆದುರು ರೇಗಿದೆ.

ಬೆಲ್ಲ ಕೊಟ್ಟ ಹೆಂಗಸೊಬ್ಬಳು ಅವಳನ್ನು ಹೆಸರು ಹಿಡಿದು ಕರೆದು ಸಮಾಧಾನ ಮಾಡಿ, ನನಗೆ ಹೇಳಿದಳು, "ಈ ಅಕ್ಕನ ಹೆಸರು ಕರೆದದ್ದು ನಮಗೆ ಯಾರಿಗೂ ಕೇಳ್ಲಿಲ್ಲ. ಕರೆದಿದ್ರೆ ನಾವೇ ಕರ್ಕೊಂಡು ಬರ್ತಿದ್ದೆವು."

ಅರ್ಧ ಗಂಟೆಯ ಪರಿಚಯದ ಹೆಂಗಸಿನ ಬಾಯಲ್ಲಿ ಆ ಹೆಸರು ಎಷ್ಟು ಸಲೀಸಾಗಿ ಬಂತು! ಹುಡುಕಾಟದ ಗದ್ದಲದಲ್ಲಿ ಮೈಕಿನ ಮಾತನ್ನು ಅರೆಬರೆ ಕೇಳಿಸಿಕೊಂಡಿದ್ದ ಮಗಳು ನನ್ನತ್ತ ತಿರುಗಿದಳು. "ಹೆಸರು ಹೇಳಿಸಿದ್ರಲ್ಲ ಅಪ್ಪ?"

"ಹೇಳಿಸಿದೆ" ಎಂದೆ. "ಅವಳಿಗೆ ಕೇಳಿಸಿಲ್ಲ."

ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಬಾಯಲ್ಲಿದ್ದ ಬೆಲ್ಲವನ್ನು ನುಂಗಿದಳು.

ಆ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಅಮ್ಮನಿಗೆ ಕಿವಿ ಮಂದವಾಗಿದೆ ಎಂದು ಮಗಳು ಎಲ್ಲರಿಗೂ ಹೇಳಿದಳು. ಮನೆಗೆ ಬಂದವರು ಅವಳೊಡನೆ ಕೂಗಿ ಮಾತನಾಡತೊಡಗಿದರು. ಅವಳು ಸುಮ್ಮನೆ ತಲೆಯಾಡಿಸುತ್ತಿದ್ದಳು. ಕೊನೆಗೆ ಮಗಳು ನಮ್ಮಿಬ್ಬರನ್ನೂ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಜಿನ ಕೋಣೆಯೊಳಗೆ ಕಿವಿಗೆ ಯಂತ್ರ ಹಾಕಿ ಕೂರಿಸಿದರು. ಶಬ್ದ ಕೇಳಿದಾಗಲೆಲ್ಲ ಅವಳು ಶಾಲೆಯ ಮಗುವಿನಂತೆ ಕೈ ಎತ್ತುತ್ತಿದ್ದಳು. ನಾನು ಹೊರಗೆ ನಿಂತು ನೋಡುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು.

"ಅಜ್ಜಿಯ ಕಿವಿಗೆ ಎಂತದ್ದೂ ಆಗಿಲ್ಲ" ಎಂದರು ಡಾಕ್ಟರು.

ಎಲ್ಲೂರಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಾ ಒಂದೇ ಮಾತು ಆಡಿದಳು. "ಸರಿ ಉಂಟಂತೆ ನನ್ನ ಕಿವಿ." ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲೇ ಇಲ್ಲ. ಅವಳು ಹೋದದ್ದು ಬೇರೆ ಕಾಯಿಲೆಯಿಂದ, ನಿದ್ದೆಯಲ್ಲಿ.

ಇವತ್ತು ಮಧ್ಯಾಹ್ನ ಇಷ್ಟು ಬರೆದು, ಜಗಲಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು, ಅವಳ ಹೆಸರನ್ನು ಗಟ್ಟಿಯಾಗಿ ಕರೆದೆ. ಕೂಗಿ ಕೂಗಿ ಒಡೆದುಹೋದ ಕಂಡಕ್ಟರನ ದನಿ ನನ್ನದು, ಅಡುಗೆಮನೆಯವರೆಗೂ ಹೋಯಿತು. ಮಗಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು.

"ಯಾರನ್ನು ಕರೆದದ್ದು ಅಪ್ಪ?"

ಮಗಳಿಗೆ ಹೆಸರು ಕೇಳಿಸಿರಲಿಲ್ಲವೆಂದಲ್ಲ.

"ಕೂತ್ಕೋ" ಎಂದೆ. "ಆ ದಿನ ಮೈಕಿನಲ್ಲಿ ನಾನು ಹೆಸರು ಹೇಳಿಸಿರಲಿಲ್ಲ. ಕರೆದದ್ದು ನಿನ್ನ ಅಮ್ಮನನ್ನು."